ತುಟಿ ತುಂಬಿಸಿಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ

ಅಕ್ಕನ ಮಗಳ ಮದುವೆಗೆ ಮೂರು ವಾರವಿದ್ದಾಗ, ಫೇಶಿಯಲ್‌ಗೆಂದು ಹೋದ ಬ್ಯೂಟಿ ಪಾರ್ಲರಿನಲ್ಲಿ ಅವಳಿಗೆ ತುಟಿ ತುಂಬಿಸಿಕೊಳ್ಳುವ ಸಲಹೆ ಬಂತು. "ಸೂಜಿಯೇ ಇಲ್ಲ, ಪೆನ್ನಿನಲ್ಲಿ ಐದು ನಿಮಿಷದ ಕೆಲಸ" ಎಂದರು. ಜೊತೆಗಿದ್ದ ನಾನು, ಹೆಚ್ಚುಕಡಿಮೆಯಾದರೆ ಅದನ್ನು ಕರಗಿಸುವ ಔಷಧ ಇಟ್ಟಿದ್ದೀರಾ ಎಂದು ಕೇಳಿದೆ. "ಐಸ್ ಇಟ್ಟರೆ ಸರಿಹೋಗುತ್ತೆ ಮೇಡಂ" ಎಂಬ ಉತ್ತರ ಕೇಳಿ ಇಬ್ಬರೂ ಎದ್ದು ಬಂದೆವು.

ತುಟಿ ತುಂಬಲು ಹಾಕುವ ಫಿಲ್ಲರ್ ಬಗ್ಗೆ ನನಗೆ ಮಡಿವಂತಿಕೆಯಿಲ್ಲ. ತೊಂಡೆಹಣ್ಣಿನಂಥ ತುಟಿಯನ್ನು ತಲೆಮಾರುಗಳಿಂದ ಹೊಗಳುತ್ತ ಬಂದವರು ನಾವೇ. ತೆಳುತುಟಿಯ ಹುಡುಗಿಯೊಬ್ಬಳು ಅದಕ್ಕೆ ಆಸೆಪಟ್ಟರೆ ತಪ್ಪೇನು? ಈಗ ಹೆಚ್ಚಾಗಿ ಬಳಸುವುದು ಹಯಲುರಾನಿಕ್ ಆಮ್ಲದ ಜೆಲ್. ಈ ಆಮ್ಲ ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಇರುವಂಥದ್ದೇ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಹಸುವಿನ ಕಣ್ಣಿನಿಂದ ಬೇರ್ಪಡಿಸಿದ್ದರು. ಆದರೆ ದೇಹದಲ್ಲೇ ಇರುವ ವಸ್ತು ಎಂಬ ಭರವಸೆ ಅರ್ಧಸತ್ಯ, ಏಕೆಂದರೆ ಅಪಾಯವಿರುವುದು ಅದು ಹೋಗಿ ಸೇರುವ ಜಾಗದಲ್ಲಿ.

ಮೇಲ್ದುಟಿ, ಕೆಳದುಟಿ ಎರಡರೊಳಗೂ ಅಪಧಮನಿ ಹರಿದಿದೆ, ಮತ್ತು ಅದರ ದಾರಿ ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. ಜೆಲ್ ಅದರೊಳಗೆ ಹೊಕ್ಕು ರಕ್ತವನ್ನು ತಡೆದರೆ ತುಟಿ ಬಿಳಿಚಿಕೊಳ್ಳುತ್ತದೆ, ಬಲೆ ಹರಡಿದಂತೆ ನೀಲಿಗಟ್ಟುತ್ತದೆ, ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ಬೇಗನೆ ಮರಳುವುದಿಲ್ಲ. ಅನೇಕ ಜೆಲ್‌ಗಳಲ್ಲಿ ಮರಗಟ್ಟಿಸುವ ಮದ್ದಾದ ಲಿಡೊಕೇನ್ ಬೆರೆತಿರುವುದರಿಂದ ನೋವು ತಡವಾಗಿ ಗೊತ್ತಾಗುವುದೂ ಉಂಟು. ಆಗ ಬೇಕಾದದ್ದು ಈ ಜೆಲ್ಲನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಕಿಣ್ವದ ಚುಚ್ಚುಮದ್ದು, ಅದೂ ಕೆಲವೇ ಗಂಟೆಗಳೊಳಗೆ. ತಡವಾದರೆ ಚರ್ಮ ಸಾಯಬಹುದು. ಜೆಲ್ ಕಣ್ಣಿನ ರಕ್ತನಾಳಕ್ಕೆ ತಲುಪಿ ದೃಷ್ಟಿ ಹೋದ ಪ್ರಕರಣಗಳೂ ಇವೆ, ಅಪರೂಪವೆನ್ನಿ. ಸಿಲಿಕೋನ್ ದ್ರವ ಚುಚ್ಚಿದ್ದರಂತೂ ಈ ಕಿಣ್ವವೂ ಕೆಲಸಕ್ಕೆ ಬಾರದು.

ಇನ್ನು ಆ ಪೆನ್ನು. ಅದು ಒತ್ತಡದಿಂದ ಜೆಲ್ಲನ್ನು ಚರ್ಮದೊಳಕ್ಕೆ ನುಗ್ಗಿಸುತ್ತದೆ. ಎಷ್ಟು ಆಳಕ್ಕೆ ಹೋಯಿತೆಂಬುದು ಹಿಡಿದವರ ಹತೋಟಿಯಲ್ಲಿರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇಂಥ ಸಾಧನಗಳನ್ನು ಬಳಸಬೇಡಿರೆಂದು 2021ರ ಅಕ್ಟೋಬರ್‌ನಲ್ಲಿ ಎಚ್ಚರಿಸಿತು. ತುಟಿಗೆ ಫಿಲ್ಲರ್ ಬಳಸಲು 2011ರಲ್ಲಿ ಒಪ್ಪಿಗೆ ಕೊಟ್ಟ ಸಂಸ್ಥೆಯೇ ಇದು, ಅದೂ 21 ದಾಟಿದವರಿಗೆ. ಇಂಗ್ಲೆಂಡಿನಲ್ಲಿ 2021ರ ಅದೇ ಅಕ್ಟೋಬರ್‌ನಿಂದ 18 ತುಂಬದವರಿಗೆ ಸೌಂದರ್ಯಕ್ಕಾಗಿ ಫಿಲ್ಲರ್ ಚುಚ್ಚುವುದೇ ಅಪರಾಧವಾಯಿತು.

ಪರ್ಯಾಯಗಳೆಂದು ಹೇಳುವವೂ ಎಲ್ಲ ಒಂದೇ ತೂಕದವಲ್ಲ. ಸ್ವಂತ ಕೊಬ್ಬನ್ನು ತೆಗೆದು ತುಟಿಗೆ ತುಂಬುವುದು ಸಹಜವೆನಿಸಿದರೂ ಅದೂ ರಕ್ತನಾಳವನ್ನು ಕಟ್ಟಬಲ್ಲದು, ಕರಗಿಸೋಣವೆಂದರೆ ಅದಕ್ಕೆ ಕಿಣ್ವವಿಲ್ಲ. ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಮೇಲ್ದುಟಿಯ ಅಂಚನ್ನು ತುಸು ಹೊರಳಿಸುತ್ತದೆಯೇ ಹೊರತು ತುಂಬುವುದಿಲ್ಲ, ಒಂದಷ್ಟು ದಿನ ಸ್ಟ್ರಾದಲ್ಲಿ ಎಳನೀರು ಹೀರುವುದೂ ಕಷ್ಟವಾಗಬಹುದು. ಮೆಣಸಿನ ಖಾರ, ಚಕ್ಕೆಯ ಎಣ್ಣೆ ಬೆರೆತ ಲಿಪ್ ಗ್ಲಾಸ್‌ಗಳು ತುಟಿಯನ್ನು ಉರಿಸಿಯೇ ಉಬ್ಬಿಸುತ್ತವೆ, ಆ ಉಬ್ಬು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ಮದುವೆಯ ದಿನ ಅವಳು ಲೈನರನ್ನು ತುಟಿಯಂಚಿನಿಂದ ಕೂದಲೆಳೆಯಷ್ಟು ಹೊರಗೆ ಎಳೆದುಕೊಂಡಿದ್ದಳು. ಮುಂದಿನ ವರ್ಷ ಚರ್ಮವೈದ್ಯರಲ್ಲಿಗೆ ಹೋಗಿಯೇ ತೀರುತ್ತೇನೆ ಎನ್ನುತ್ತಾಳೆ. ಹೋದೊಡನೆ ಕೇಳಬೇಕಾದ ಔಷಧದ ಹೆಸರನ್ನು ಮಗ್ಗಿಯಂತೆ ನನಗೆ ಒಪ್ಪಿಸಿದ್ದಾಳೆ.