ಕಡಲೆಯ ಸಿಡಿ ರೋಗಕ್ಕೆ ಶಿಲೀಂಧ್ರವನ್ನೇ ನಂಬಬಹುದೇ?

ಪರ

ಅಣ್ಣಿಗೇರಿ, ನರಗುಂದ, ರೋಣದ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆ ಸೊಂಪಾಗಿ ನಿಂತಿರುವಾಗಲೇ ಅಲ್ಲೊಂದು ಇಲ್ಲೊಂದು ಗಿಡ ಜೋಲುತ್ತದೆ. ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ಕಿತ್ತು, ಬುಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದುಗಪ್ಪು ಗೆರೆ ಕಾಣುತ್ತದೆ. ನೀರು ಏರುವ ನಾಳಗಳಲ್ಲಿ ಫ್ಯುಸೇರಿಯಂ ಶಿಲೀಂಧ್ರ ಠಿಕಾಣಿ ಹೂಡಿದ ಗುರುತು ಅದು. ಇದೇ ಸಿಡಿ ರೋಗ. ಸಿಡಿ ಹತ್ತಿದ ಗಿಡವನ್ನು ಉಳಿಸುವ ಔಷಧ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಎರಡು ವರ್ಷ ಬೇರೆ ಬೆಳೆ ಹಾಕಿದರೆ ತೊಲಗೀತು ಎನ್ನುವಂತೆಯೂ ಇಲ್ಲ. ಕಡಲೆಯೇ ಇಲ್ಲದ ಮಣ್ಣಿನಲ್ಲೂ ಅದು ಆರು ವರ್ಷ ಬದುಕಬಲ್ಲದು.

ಬೀಜಕ್ಕೆ ಹಚ್ಚುವ ಶಿಲೀಂಧ್ರನಾಶಕ ಮೊಳಕೆಯ ದಿನಗಳನ್ನು ದಾಟಿಸುತ್ತದೆ. ಸಿಡಿ ಹೂವಾಡುವ ಹೊತ್ತಿಗೆ ಬಂದರೆ ಏನು ಮಾಡುವುದು? ಅದಕ್ಕೇ ಬೇರಿನ ಜೊತೆ ತಾನೂ ಬೆಳೆಯುವ ಜೀವವೊಂದು ಬೇಕು. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಹಲವು ಬಗೆಗಳು ಬೇರಿನ ಸುತ್ತ ಹಬ್ಬಿ, ಹೊರ ಪದರದ ಕೋಶಗಳ ನಡುವೆ ನುಸುಳಿ ನೆಲೆಸುತ್ತವೆ. ಜಾಗವನ್ನೂ ಆಹಾರವನ್ನೂ ಮೊದಲೇ ಹಿಡಿಯುತ್ತವೆ. ರೋಗಕಾರಕದ ಎಳೆಗಳಿಗೆ ಸುತ್ತಿಕೊಂಡು ಅವುಗಳ ಕೋಶಭಿತ್ತಿಯನ್ನು ಕರಗಿಸುವ ಕಿಣ್ವ ಸುರಿಸುತ್ತವೆ. ನನಗೆ ಇದಕ್ಕಿಂತ ಬೆರಗಿನ ಸಂಗತಿ ಬೇರೆಯಿದೆ. ಇಂಥ ಶಿಲೀಂಧ್ರ ಬೇರಿನಲ್ಲಿ ಕೂತರೆ ಎಲೆಯೂ ಎಚ್ಚರಗೊಳ್ಳುತ್ತದೆ. ರಾಜಸ್ಥಾನದ ಥಾರ್ ಮರುಭೂಮಿಯ ಗಿಡಗಳ ಬೇರಿನ ಬಳಿ ಸಿಕ್ಕು, 1998ರಲ್ಲಿ ಹೆಸರು ಪಡೆದ ಪಿರಿಫಾರ್ಮೋಸ್ಪೋರಾ ಇಂಡಿಕಾ ಬಾರ್ಲಿಯ ಬೇರಿನಲ್ಲಿ ನೆಲೆಸಿದಾಗ ಎಲೆಯ ಬೂದಿ ರೋಗ ತಗ್ಗಿತೆಂದು 2005ರಲ್ಲಿ ಪ್ರಕಟವಾಯಿತು. ಬೇರೆಲ್ಲಿ, ಎಲೆಯೆಲ್ಲಿ!

ಇನ್ನೂ ಸೋಜಿಗದ್ದು ಮತ್ತೊಂದು ಶಿಲೀಂಧ್ರವಾದ ಕೊಲೆಟೋಟ್ರೈಕಮ್‌ನ ಕಥೆ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರಿಗೆ ಇದು ಹಣ್ಣು ಕೊಳೆಯಿಸುವ ಹಳೆಯ ವೈರಿ. ಇದೇ ಕುಲದ, ಕಲ್ಲಂಗಡಿಯನ್ನು ಕಾಡುವ ಪ್ರಭೇದವೊಂದರಲ್ಲಿ ಒಂದೇ ಒಂದು ಜೀನ್ ಬದಲಾದಾಗ ಅದು ರೋಗ ತರುವುದನ್ನೇ ಬಿಟ್ಟಿತು. ಗಿಡದೊಳಗೆ ತಣ್ಣಗೆ ಇದ್ದುಕೊಂಡು ತನ್ನ ಮೂಲ ರೋಗಕಾರಕದಿಂದಲೇ ಗಿಡವನ್ನು ಕಾಯಿತು. ಇದು 1993ರ ಮಾತು.

ನಿರೋಧಕ ತಳಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಕಡಲೆಯ ಫ್ಯುಸೇರಿಯಂನಲ್ಲಿ ಎಂಟು ಬಗೆಗಳನ್ನು ಗುರುತಿಸಲಾಗಿದೆ. ಒಂದನ್ನು ತಡೆದ ತಳಿ ಇನ್ನೊಂದಕ್ಕೆ ಮಣಿಯಬಹುದು. ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪುಡಿ, ಅಂಟಲು ಚೂರು ಬೆಲ್ಲದ ನೀರು, ನೆರಳಲ್ಲಿ ಆರಿಸಿ ಅಂದೇ ಬಿತ್ತುವುದು. ಇಷ್ಟಕ್ಕೆ ಹಿಂದೆಮುಂದೆ ನೋಡುವುದೇಕೆ?

ವಿರೋಧ

ಬೇರಿನೊಳಗಿನ ಶಿಲೀಂಧ್ರ ಗಿಡವನ್ನು ಕಾಯುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಪೊಟ್ಟಣದ ಬಗ್ಗೆ. ಟ್ರೈಕೋಡರ್ಮಾ ಪುಡಿಯ ಪ್ರತಿ ಗ್ರಾಮಿನಲ್ಲಿ ಕನಿಷ್ಠ 20 ಲಕ್ಷ ಜೀವಕಣಗಳು ಇರಬೇಕೆಂಬುದು ನಿಯಮ. ತಯಾರಾದ ದಿನ ಇದ್ದಿರಲೂಬಹುದು. ಗದಗದ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಚಾವಣಿಯ ಕೆಳಗೆ ಬೆಂದು, ಅಕ್ಟೋಬರಿನಲ್ಲಿ ರೈತನ ಕೈ ಸೇರುವಾಗ ಎಷ್ಟು ಬದುಕಿರುತ್ತವೆ? ಸತ್ತ ಪುಡಿಯೂ ಬದುಕಿರುವ ಪುಡಿಯೂ ಕಣ್ಣಿಗೆ ಒಂದೇ ತರಹ.

ಪೊಟ್ಟಣ ಚೆನ್ನಾಗಿಯೇ ಇದೆ ಎನ್ನೋಣ. ಮಳೆ ನಿಂತ ಮೇಲೆ ಉಳಿದ ಹಸಿಯಲ್ಲಿ ಬೆಳೆಯುವ ಪೈರು ನಮ್ಮ ಕಡಲೆ. ಮೇಲ್ಮಣ್ಣು ದಿನೇದಿನೇ ಒಣಗಿ ಬಿರುಕು ಬಿಡುತ್ತದೆ. ಟ್ರೈಕೋಡರ್ಮಾಕ್ಕೆ ಹಸಿಯೂ ಬೇಕು, ಸಾವಯವ ಪದಾರ್ಥವೂ ಬೇಕು. ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಹಸಿ ಗೋಣಿಚೀಲ ಹೊದಿಸಿ ಬೆಳೆಸಿರಿ ಎಂದು ಹೇಳುವುದು ಸುಲಭ. ಎತ್ತು ಮಾರಿ, ಟ್ರ್ಯಾಕ್ಟರ್ ಬಾಡಿಗೆಗೆ ತರುವ ಮನೆಯಲ್ಲಿ ತಿಪ್ಪೆ ಎಲ್ಲಿದೆ? ಇನ್ನು ಕೆಲವರು ಎರಡೂ ಇರಲಿ ಎಂದು ಶಿಲೀಂಧ್ರನಾಶಕವಾದ ಕಾರ್ಬೆಂಡಜಿಮ್‌ ಜೊತೆಗೇ ಇದನ್ನೂ ಬೀಜಕ್ಕೆ ಹಚ್ಚುತ್ತಾರೆ. ಕಾರ್ಬೆಂಡಜಿಮ್ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ. ಎರಡಕ್ಕೆ ದುಡ್ಡು ಕೊಟ್ಟು ಒಂದನ್ನು ಮಾತ್ರ ಪಡೆದಂತಾಯಿತು.

ಒಂದು ಜೀನ್ ಬದಲಾದರೆ ವೈರಿ ಮಿತ್ರನಾಗುತ್ತದೆ ಎಂದು ಪರ ವಹಿಸಿದವರು ಹಿಗ್ಗಿದ್ದಾರೆ. ನಡುವಿನ ಗೋಡೆ ಅಷ್ಟು ತೆಳುವೇ ಎಂದು ನನಗೆ ದಿಗಿಲು. ಅಮೆರಿಕದ ಟಾಲ್ ಫೆಸ್ಕ್ಯೂ ಹುಲ್ಲಿನೊಳಗೆ ನೆಲೆಸುವ ಎಪಿಕ್ಲೋಯೆ ಶಿಲೀಂಧ್ರ ಹುಲ್ಲನ್ನು ಕೀಟಗಳಿಂದ ಕಾಯುತ್ತದೆ. ಆದರೆ ಅದು ತಯಾರಿಸುವ ವಿಷದಿಂದ, ಆ ಹುಲ್ಲು ಮೇಯ್ದ ದನಗಳ ಕಾಲು, ಬಾಲದ ತುದಿ ಕೊಳೆತದ್ದುಂಟು. ಟ್ರೈಕೋಡರ್ಮಾ ಹಾಗೆ ಮಾಡುವುದಿಲ್ಲ, ಒಪ್ಪಿದೆ. ಗಿಡಕ್ಕೆ ಒಳ್ಳೆಯದಾದದ್ದೆಲ್ಲ ಎಲ್ಲರಿಗೂ ಒಳ್ಳೆಯದು ಎಂಬ ಉತ್ಸಾಹಕ್ಕೆ ಮಾತ್ರ ಕಡಿವಾಣ ಬೇಕು.

ತಳಿಯ ಮಾತಿಗೆ ಬರೋಣ. ಈ ಭಾಗದ ಅಚ್ಚುಮೆಚ್ಚಿನ ಅಣ್ಣಿಗೇರಿ-1 ಸಿಡಿಗೆ ತುತ್ತಾಗುತ್ತಿತ್ತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ ಡಬ್ಲ್ಯುಆರ್-315 ತಳಿಯ ನಿರೋಧಕ ಗುಣವನ್ನು ಅದಕ್ಕೆ ಕೂಡಿಸಿ 'ಸೂಪರ್ ಅಣ್ಣಿಗೇರಿ-1' ರೂಪಿಸಿದವು. 2019ರಲ್ಲಿ ಅದು ಬಿಡುಗಡೆಗೆ ಆಯ್ಕೆಯಾಯಿತು. ಎಂಟೂ ಬಗೆಗಳನ್ನು ಅದು ತಡೆಯಲಾರದು, ಸರಿ. ಆದರೆ ಆ ಗುಣ ಗೋದಾಮಿನ ಸೆಕೆಗೆ ಸಾಯುವುದಿಲ್ಲ. ಕಡಲೆ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಬೆಳೆಯಾದ್ದರಿಂದ ಮುಂದಿನ ವರ್ಷದ ಬೀಜವನ್ನು ಮನೆಯಲ್ಲೇ ಎತ್ತಿಡಬಹುದು. ರೈತನ ಮೊದಲ ರೂಪಾಯಿ ಅಲ್ಲಿಗೆ ಹೋಗಲಿ. ಮಿಕ್ಕಿದ್ದರೆ ಪೊಟ್ಟಣ ತರಲಿ, ಅದೂ ತಯಾರಾದ ತಾರೀಖು ನೋಡಿ, ಬಿತ್ತನೆಯ ವಾರದಲ್ಲಿ.