ಮೊದಲು ಇಸಿ ನೋಡಿ, ಬಾಲ್ಕನಿ ಆಮೇಲೆ

ಬೆಂಗಳೂರಲ್ಲಿ ಫ್ಲಾಟ್ ತಗೋಬೇಕು ಅಂತ ಹೊರಟವರು ಮೊದಲು ಮಾಡುವ ಕೆಲಸ ಸೈಟ್ ವಿಸಿಟ್. ಭಾನುವಾರ ಬಿಲ್ಡರ್ ಕಡೆಯವರೇ ಕಾರು ಕಳಿಸುತ್ತಾರೆ. ಮಾಡೆಲ್ ಫ್ಲಾಟಿನಲ್ಲಿ ಎಸಿ ಹಾಕಿ ಕಾಫಿ ಕೊಡುತ್ತಾರೆ. ಹೆಂಡತಿಗೆ ಬಾಲ್ಕನಿ ಇಷ್ಟವಾಗುತ್ತದೆ, ಅಮ್ಮನಿಗೆ ಪೂರ್ವದ ಬಾಗಿಲು. ಅಲ್ಲಿಗೆ ಮುಗಿಯಿತು. ಮನೆ ಒಂದು ಸಲ ಮನಸ್ಸಿಗೆ ಹಿಡಿಸಿತೋ, ಆಮೇಲೆ ಬಿಲ್ಡರ್ ಪರ ನಾವೇ ವಾದ ಮಾಡುತ್ತೇವೆ. "ಬಿ ಖಾತಾ ಆದ್ರೇನು, ಈ ಏರಿಯಾದಲ್ಲಿ ಎಲ್ಲರದ್ದೂ ಹಂಗೇ ಅಂತೆ." "ಓಸಿ ಇನ್ನೇನು ಬಂದೇಬಿಡುತ್ತಂತೆ." ಬಿ ಖಾತಾ ಅಂದರೆ ಅನುಮೋದನೆ ಸರಿಯಿಲ್ಲದ ಆಸ್ತಿಯ ಪಾಲಿಕೆ ದಾಖಲೆ, ಓಸಿ ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಪತ್ರ.

ಅದಕ್ಕೇ ಹೇಳೋದು, ಲೆಕ್ಕವೂ ಲಾಯರೂ ಮನೆ ನೋಡುವ ಮುಂಚೆಯೇ ಸಿದ್ಧ ಇರಬೇಕು.

ಲೆಕ್ಕ ನೋಡಿ. 80 ಲಕ್ಷದ ರೀಸೇಲ್ ಫ್ಲಾಟ್. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಆರ್‌ಬಿಐ ಹಾಕಿರುವ ಮಿತಿ ಬೆಲೆಯ ಶೇ 80. ಅಂದರೆ ಜಾಸ್ತಿ ಅಂದ್ರೆ 64 ಲಕ್ಷ ಸಾಲ, 16 ಲಕ್ಷ ಕೈಯಿಂದ. ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಎಲ್ಲ ಸೇರಿ ಶೇ 7.6, ಅಂದರೆ 6 ಲಕ್ಷಕ್ಕೂ ಮೇಲೆ. ಇದು ಸಾಲದ ಲೆಕ್ಕಕ್ಕೆ ಬರುವುದಿಲ್ಲ. ಬ್ರೋಕರ್, ಲಾಯರ್, ಪೇಂಟು ಇನ್ನೂ ಬಾಕಿ. ಕಟ್ಟುತ್ತಿರುವ ಫ್ಲಾಟಾದರೆ ಶೇ 5 ಜಿಎಸ್‌ಟಿ ಬೇರೆ. ಈ ವ್ಯತ್ಯಾಸಕ್ಕೆ ಪರ್ಸನಲ್ ಲೋನ್ ಮಾಡುವವರಿದ್ದಾರೆ. ಬೇಡ ಸ್ವಾಮಿ, ಸುಮ್ನೆ ಬಜೆಟ್ ಇಳಿಸಿ.

ಇನ್ನು ಕಾಗದ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಯುವುದು ಕಷ್ಟವೇನಲ್ಲ, ಓದುವುದೂ ಅಷ್ಟೇ. ಯಾರು ಯಾರಿಗೆ ಮಾರಿದರು, ಯಾವಾಗ ಅಡ ಇಟ್ಟರು ಅಂತ ಸಾಲಾಗಿ ಬರುತ್ತದೆ. ಅಡಮಾನದ ನಮೂದು ಇದ್ದು, ಅದು ಬಿಡುಗಡೆಯಾದ ನಮೂದು ಎಲ್ಲೂ ಕಾಣದಿದ್ದರೆ ಅಲ್ಲೇ ನಿಲ್ಲಿ. "ಸಾಲ ತೀರ್ಸಿ ಎಷ್ಟೋ ವರ್ಷ ಆಯ್ತು ಸಾರ್, ಬ್ಯಾಂಕ್ ಲೆಟರ್ ಇದೆ" ಅಂತಾರೆ. ಸಂತೋಷ, ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಂಡು ಬನ್ನಿ ಅನ್ನಿ.

ಇಸಿಯಲ್ಲಿ ಬಾರದ್ದೂ ಇದೆ. ಕೋರ್ಟ್ ಕೇಸು, ನೋಂದಣಿಯಾಗದ ವಿಲ್ಲು, ಪಾಲು ಬಿಟ್ಟುಕೊಡದ ತಂಗಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ವಂಶವೃಕ್ಷ ಕೇಳಿ, ಅದರಲ್ಲಿರುವ ಹೆಸರುಗಳನ್ನೂ ಪತ್ರದಲ್ಲಿರುವ ಸಹಿಗಳನ್ನೂ ಎಣಿಸಿ. ಎಸ್‌ಸಿ, ಎಸ್‌ಟಿ ಕುಟುಂಬಕ್ಕೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟವೇ ಅಸಿಂಧು. ಅಂದಹಾಗೆ ಇ-ಖಾತಾ, ಅಂದರೆ ಆನ್‌ಲೈನ್ ಖಾತಾ, ಇದೆ ಅಂದಾಕ್ಷಣ ಅದು ಅನುಮೋದನೆ ಸರಿಯಿರುವ ಎ ಖಾತಾ ಅಂತಲ್ಲ. ಬಿ ಖಾತಾಗೂ ಇ-ಖಾತಾ ಕೊಡುತ್ತಾರೆ.

"ದೊಡ್ಡ ಬ್ಯಾಂಕೇ ಲೋನ್ ಕೊಡ್ತಿದೆ, ಇನ್ನೇನ್ ಭಯ?" ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಬ್ಯಾಂಕಿನ ಲಾಯರ್ ನೋಡುವುದು ಬ್ಯಾಂಕಿನ ದುಡ್ಡಿಗೆ ಮೋಸ ಇಲ್ಲವಾ ಅಂತ. ನಾಳೆ ಆಸ್ತಿ ಮೇಲೆ ಕೇಸು ಬಿದ್ದರೂ ಇಎಂಐ ನಿಮ್ಮ ಖಾತೆಯಿಂದಲೇ ಹೋಗುತ್ತಿರುತ್ತದೆ. ಬಿಲ್ಡರ್ ತೋರಿಸುವ ಲಾಯರೂ ಬೇಡ. ನೀವೇ ಫೀಸು ಕೊಡುವ ಲಾಯರ್ ಬೇಕು. 80 ಲಕ್ಷದ ವ್ಯವಹಾರದಲ್ಲಿ ಅವರ ಫೀಸಿಗೆ ಚೌಕಾಸಿ ಮಾಡುವವರನ್ನು ಕಂಡರೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ.

ಹೊಸ ಪ್ರಾಜೆಕ್ಟಾದರೆ "ಇವತ್ತೇ ಟೋಕನ್ ಹಾಕಿ, ನಾಳೆ ರೇಟ್ ಏರುತ್ತೆ" ಅನ್ನುತ್ತಾರೆ. ಏರಲಿ ಬಿಡಿ. ಮೊದಲು ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಪ್ರಾಧಿಕಾರವಾದ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹುಡುಕಿ. ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಶೇ 10ಕ್ಕಿಂತ ಜಾಸ್ತಿ ದುಡ್ಡು ತಗೊಳ್ಳುವ ಹಾಗೇ ಇಲ್ಲ.

ಇಷ್ಟೆಲ್ಲ ಸಿದ್ಧವಾದ ಮೇಲೆ ಮನೆ ನೋಡೋಕೆ ಹೊರಡಿ. ಬಿಲ್ಡರ್ ಕಾರು ಬೇಡ. ಜೋರು ಮಳೆ ಬಂದ ಮಾರನೇ ದಿನ ನೀವೇ ಹೋಗಿ. 2022ರ ಸೆಪ್ಟೆಂಬರಿನಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದಿದ್ದನ್ನು ನೋಡಿದ್ದೇವಲ್ವಾ? ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಪತ್ರದಲ್ಲಿರುವುದಕ್ಕೆ ಹೋಲಿಸಿ ನೋಡಿ. ಆಮೇಲೆ ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ತಿರ ಎರಡು ನಿಮಿಷ ನಿಂತು, ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ ಅಣ್ಣಾ ಅಂತ ಕೇಳಿ.