ಶಿಫಾರಸು ಪತ್ರ ಕೇಳೋಕೆ ಯಾಕೆ ಇಷ್ಟು ಹಿಂಜರಿಕೆ?

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ವಿದ್ಯಾರ್ಥಿ ಪ್ರಶಸ್ತಿಗಳ ಅರ್ಜಿ ನೋಡುವ ಕೆಲಸವೂ ಇದೆ. ನಮ್ಮ ಕಡೆಯ ಮಕ್ಕಳ ಫೈಲ್ ತೆರೆದಾಗಲೆಲ್ಲ ಸಂಕಟವಾಗುತ್ತದೆ. ಅಂಕ ಚೆನ್ನಾಗಿರುತ್ತದೆ, ಪ್ರಬಂಧವೂ ಚೆನ್ನಾಗಿರುತ್ತದೆ. ಶಿಫಾರಸು ಪತ್ರ ಮಾತ್ರ ಸಪ್ಪೆ. 'ಶ್ರಮಜೀವಿ, ವಿನಯವಂತೆ, ನಡತೆ ಉತ್ತಮ.' ಯಾರ ಹೆಸರು ಹಾಕಿದರೂ ನಡೆಯುತ್ತದೆ.

ಕಾರಣ ಗೊತ್ತಿರುವುದೇ. ಕೇಳಿದ ಕೂಡಲೇ ನಮ್ಮ ಮೇಷ್ಟ್ರು, "ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ" ಅಂತಾರೆ. ಅವರಿಗೂ ದೊಡ್ಡ ಕ್ಲಾಸು, ವ್ಯಾಲ್ಯುಯೇಷನ್, ನೂರೆಂಟು ಕೆಲಸ. ಆದರೆ ತನ್ನನ್ನು ತಾನೇ ಹೊಗಳಿಕೊಳ್ಳಲು ಯಾವ ಹುಡುಗಿಗೆ ನಾಚಿಕೆಯಾಗಲ್ಲ? ಎಲ್ಲೋ ಸಿಕ್ಕ ಮಾದರಿಯನ್ನೇ ಇಳಿಸುತ್ತಾಳೆ. ಒಂದೇ ಕಾಲೇಜಿನ ಎರಡು ಪತ್ರಗಳಲ್ಲಿ ಅದದೇ ಸಾಲು ಕಂಡರೆ ಅನುಮಾನ ಬರುತ್ತೆ, ಅಲ್ವಾ?

ಇಲ್ಲಿ ಪತ್ರವನ್ನು ಬರೆದವರೇ ನೇರವಾಗಿ ಪೋರ್ಟಲ್‌ಗೆ ಹಾಕುವುದು ರೂಢಿ. 1974ರ ಫರ್ಪಾ ಕಾನೂನಿನಂತೆ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕಿದೆ. ಶಿಫಾರಸು ಪತ್ರದ ಮಟ್ಟಿಗೆ ಅದನ್ನು ತಾನಾಗಿ ಬಿಟ್ಟುಕೊಡಬಹುದು. ವಿದ್ಯಾರ್ಥಿ ನೋಡದ ಪತ್ರವನ್ನು ಸಮಿತಿ ಜಾಸ್ತಿ ನಂಬುತ್ತದೆ ಅಂತ ಅನೇಕರು ಬಿಟ್ಟುಕೊಡುತ್ತಾರೆ.

ಇಲ್ಲಿನ ವಿದ್ಯಾರ್ಥಿಗಳು ಪತ್ರ ಕೇಳುವ ರೀತಿ ನನಗೆ ಇನ್ನೂ ಇಷ್ಟ. "ನನ್ನ ಬಗ್ಗೆ ಗಟ್ಟಿಯಾಗಿ ಬರೆಯಲು ನಿಮಗೆ ಸಾಧ್ಯವಾ?" ಎಂದೇ ಕೇಳುತ್ತಾರೆ. ಇಲ್ಲ ಅಂದರೆ ಮುನಿಸಿಲ್ಲ, ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ವಾರಗಳ ಮುಂಚೆಯೇ ಕೇಳಿ, ಪ್ರಶಸ್ತಿಯ ನಿಯಮ, ರೆಸ್ಯೂಮೆ, ಅರ್ಧ ಪುಟದ ಟಿಪ್ಪಣಿ ಕೊಡುತ್ತಾರೆ. ಒಬ್ಬಳ ಟಿಪ್ಪಣಿ ಹೀಗಿತ್ತು: 'ಲ್ಯಾಬಿನಲ್ಲಿ ಗ್ರಾಫ್ ಸರಿ ಬರಲಿಲ್ಲ. ಹೋಗಲಿ ಬಿಡು ಅಂದಿರಿ. ನಾನು ಸಡಿಲವಾಗಿದ್ದ ವೈರ್ ಹುಡುಕಿ, ಎಲ್ಲ ರೀಡಿಂಗ್ ಮತ್ತೆ ತೆಗೆದೆ.' ಓದಿದ ಕೂಡಲೇ ಆ ಸಂಜೆ ನೆನಪಾಯಿತು. ನನ್ನ ಪತ್ರ ಪೂರ್ತಿ ನಿಂತದ್ದು ಆ ವೈರಿನ ಮೇಲೆ.

ಹಾಗಂತ ಇಲ್ಲಿನದೆಲ್ಲ ಸರಿ ಅಂತ ನಾನು ಹೇಳಲ್ಲ. ಹೊಗಳಿಕೆ ಉಬ್ಬಿ ಉಬ್ಬಿ, ಪ್ರತಿಯೊಬ್ಬರೂ 'ನಾನು ಕಂಡವರಲ್ಲೇ ಶ್ರೇಷ್ಠ' ಆಗಿಬಿಟ್ಟಿದ್ದಾರೆ. ನಮ್ಮ ಮೇಷ್ಟ್ರಿಗೆ ವಿದ್ಯಾರ್ಥಿಯ ಮನೆ ಪರಿಸ್ಥಿತಿಯೂ ಗೊತ್ತು, ಅವಳು ಫೇಲಾಗಿ ಎದ್ದು ಬಂದದ್ದೂ ಗೊತ್ತು. ಅಷ್ಟು ಹತ್ತಿರದಿಂದ ಬಲ್ಲವರು ಇಲ್ಲಿ ಕಡಿಮೆ. ಅದು ಪತ್ರಕ್ಕೆ ಇಳಿಯುವುದಿಲ್ಲ ಅನ್ನುವುದೇ ನನ್ನ ಬೇಸರ.

ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಎರಡು ಪತ್ರ ಕೇಳುತ್ತದೆ, ಅಮೆರಿಕದಲ್ಲಿ ಓದಲು ಕೊಡುವ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಮೂರು. ಮೂವರೂ ನಿಮ್ಮ ಅಂಕವನ್ನೇ ಹೊಗಳಿದರೆ ಏನು ಬಂತು? ಪಾಠ ಮಾಡಿದವರು ಒಬ್ಬರು, ಪ್ರಾಜೆಕ್ಟ್ ನೋಡಿಕೊಂಡವರು ಇನ್ನೊಬ್ಬರು ಇರಲಿ. ಬರೀ ದೊಡ್ಡ ಹುದ್ದೆ ಅಂತ ಪ್ರಿನ್ಸಿಪಾಲರ ಬಾಗಿಲಿಗೆ ಹೋಗಬೇಡಿ. "ನೀನೇ ಬರ್ಕೊಂಡು ಬಾ" ಅಂದರೆ ಹೀಗೆ ಹೇಳಿ ನೋಡಿ: "ಸರ್, ಪಾಯಿಂಟ್ಸ್ ತಂದಿದ್ದೀನಿ. ಮಾತು ನಿಮ್ಮದೇ ಇರಲಿ."

ಮೇಷ್ಟ್ರುಗಳಲ್ಲೂ ಒಂದು ಕೋರಿಕೆ. ಇಂಗ್ಲಿಷ್ ಸಾದಾ ಇದ್ದರೆ ಏನೂ ತೊಂದರೆಯಿಲ್ಲ. ನೀವು ಕಣ್ಣಾರೆ ಕಂಡ ಒಂದೆರಡು ಸಂಗತಿ ಬರೆದು, ಕಾಲೇಜಿನ ಇಮೇಲ್‌ನಿಂದಲೇ ಕಳಿಸಿ. ಓದುವವರು ಹುಡುಕುವುದು ಅದನ್ನೇ.